ಎಲ್ಲಾ ಉಳುಕೇನಾ ಸ್ವಾಮಿ?

ನಿನ್ನೆ ಒಂದು ಗೃಹಪ್ರವೇಶ. ಪಳಪಳ ಹೊಳೆಯುವ ಗ್ರಾನೈಟ್ ಮೆಟ್ಟಿಲು, ಅದರ ಮೇಲೆ ನೀರು. ಅಕ್ಕನ ಮಗಳು ಜಾರಿ ಬಿದ್ದಳು. ಅವಳು ಕೂಗಿ ಮುಗಿಸುವ ಮೊದಲೇ ತೀರ್ಪು ಬಂತು, "ಏನಿಲ್ಲ, ಉಳುಕಿದೆ ಅಷ್ಟೇ." ಹೇಳಿದವರು ಕಾಲನ್ನು ನೋಡಿಯೂ ಇರಲಿಲ್ಲ. ಕೈಯಲ್ಲಿ ಹೋಳಿಗೆ ಇತ್ತು.

ಅಲ್ಲಾ, ಕನ್ನಡದಲ್ಲಿ ಪೆಟ್ಟಿಗೆ ಹೆಸರಿನ ಬರವೇ? ಚರ್ಮ ಕಿತ್ತರೆ ತರಚು ಗಾಯ, ಹಣೆ ಬಾಗಿಲಿಗೆ ಬಡಿದರೆ ಬುಗುಟು, ಬೆತ್ತದ ಏಟಿಗೆ ಬಾಸುಂಡೆ (ನಮ್ಮ ಬ್ಯಾಚಿನವರಿಗೆ ವಿವರಿಸಬೇಕಿಲ್ಲ), ಹೊರಗೆ ಗಾಯವಿಲ್ಲದೆ ಒಳಗೊಳಗೇ ನೋಯುತ್ತಿದ್ದರೆ ಮೂಗೇಟು, ಮೂಳೆ ಜಾಗ ಬಿಟ್ಟರೆ ಕೀಲು ತಪ್ಪಿದ್ದು. ಇಷ್ಟೆಲ್ಲ ಇದ್ದರೂ ಕಾಲಿಗೆ ಏನೇ ಆಗಲಿ, ಉಳುಕು. ಉಳುಕು ಅಂದ ಮೇಲೆ ಮುಗೀತು, ತಿಕ್ಕಲೇಬೇಕು. ಒಬ್ಬರು ಹರಳೆಣ್ಣೆ ಬಿಸಿ ಮಾಡಿದರು, ಇನ್ನೊಬ್ಬರು ಹುಣಸೆಹಣ್ಣು ಉಪ್ಪು ಕಲಸಿ ಪಟ್ಟು ಹಾಕಿ ಅಂದರು, ದೊಡ್ಡಪ್ಪ ಅಂತೂ ಪಾದ ಹಿಡಿದು ನಟಿಕೆ ತೆಗೆಯುವ ಹಾಗೆ ಎಳೆದೇಬಿಟ್ಟರು. ಹುಡುಗಿಯ ಕಿರುಚಾಟಕ್ಕೆ ಪುರೋಹಿತರು ಮಂತ್ರ ನಿಲ್ಲಿಸಿದರು.

ನಿಜವಾದ ಉಳುಕೇ ಆಗಿದ್ದರೂ ತಿಕ್ಕಬಾರದು ಕಣ್ರೀ. ಮೂಳೆಗೆ ಮೂಳೆ ಕಟ್ಟಿರುವ ಲಿಗಮೆಂಟ್ ಎಳೆದಿರುತ್ತದೆ, ಇಲ್ಲವೇ ಹರಿದಿರುತ್ತದೆ. ಹರಿದ ಪಂಚೆಯನ್ನು ಉಜ್ಜಿದರೆ ಹೊಲಿಗೆ ಬೀಳುತ್ತಾ? ಒಳಗೆ ಸಣ್ಣ ರಕ್ತನಾಳಗಳೂ ಒಡೆದಿರುತ್ತವೆ. ಮೊದಲ ಎರಡು ದಿನ ಶಾಖ ಕೊಟ್ಟು ನೀವಿದರೆ ಊತ ಜಾಸ್ತಿ ಆಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಸ್ವಲ್ಪ ಹೊತ್ತು, ಕಾಲು ದಿಂಬಿನ ಮೇಲೆ, ಆಮೇಲೆ ಸುಮ್ನೆ ಕೂರೋದು. ಇದರಲ್ಲಿ ಯಾರಿಗೂ ಕೈಚಳಕ ತೋರಿಸಲು ಅವಕಾಶವಿಲ್ಲ, ಅದೇ ತೊಂದರೆ.

ಮುರಿದಿದೆಯಾ ಅಂತ ಅನುಮಾನ ಪಡಲು ಡಾಕ್ಟರೇ ಆಗಬೇಕಿಲ್ಲ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲೇ ಸುಲಭದ ನಿಯಮ ಕೊಟ್ಟಿದ್ದಾರೆ. ಕಾಲಿನ ಗಿಣ್ಣಿನ ಮೂಳೆಯ ತುದಿ ಅಥವಾ ಹಿಂದಿನ ಅಂಚು ಒತ್ತಿದರೆ ನೋವಾ? ನಾಲ್ಕು ಹೆಜ್ಜೆ ಇಡಲೂ ಆಗುತ್ತಿಲ್ವಾ? ಎಕ್ಸ್‌ರೇ ತೆಗೆಸಿ. ನಮ್ಮ ಹುಡುಗಿಗೆ ಕಾಲು ಊರಲೂ ಆಗುತ್ತಿರಲಿಲ್ಲ. "ನಡೆದಾಡಿದರೆ ಬಿಡುತ್ತೆ" ಅಂತ ನಡೆಸಲು ಹೊರಟಿದ್ದರು!

"ನಮ್ಮಜ್ಜಿ ಕಾಲದಲ್ಲಿ ಎಲ್ಲಾ ಎಣ್ಣೆಯಲ್ಲೇ ವಾಸಿ ಆಗ್ತಿತ್ತು" ಅಂತ ಈಗಲೇ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಆಗ್ತಿತ್ತು. ಸಣ್ಣ ಉಳುಕು ಏನೂ ಮಾಡದಿದ್ದರೂ ವಾಸಿ ಆಗುತ್ತದೆ, ಹೆಸರು ಮಾತ್ರ ಎಣ್ಣೆಗೆ. ವಾಸಿಯಾಗದೆ ಜೀವನಪೂರ್ತಿ ಕುಂಟಿದವರನ್ನು ಯಾರೂ ಉದಾಹರಣೆಗೆ ತರುವುದಿಲ್ಲ.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಅಂತ ಊರಿನ ನಂಬಿಕೆ. ಚಿಕ್ಕಂದಿನಲ್ಲಿ ಎಷ್ಟೋ ಹಿರಿಯರು ನಮ್ಮ ಜಗಲಿಯಲ್ಲಿ ಬೋರಲು ಮಲಗಿದ್ದಾರೆ, ನಾನೂ ಭಕ್ತಿಯಿಂದ ಒದ್ದಿದ್ದೇನೆ. ನಮ್ಮ ಲೆಕ್ಕದ ಮೇಷ್ಟ್ರಿಗೆ ಸ್ವಲ್ಪ ಜಾಸ್ತಿ ಭಕ್ತಿಯಿಂದ. ಅವರ ಉಳುಕು ಬಿಟ್ಟಿತೋ ಇಲ್ಲವೋ, ನನಗಂತೂ ತುಂಬಾ ಹಾಯೆನಿಸಿತ್ತು.

ಸಂಜೆ ಎಕ್ಸ್‌ರೇ ಬಂತು. ಮೂಳೆಯಲ್ಲಿ ಬಿರುಕು, ಆರು ವಾರ ಪ್ಲಾಸ್ಟರ್. ಫಿಲ್ಮನ್ನು ಬೆಳಕಿಗೆ ಹಿಡಿದು ದೊಡ್ಡಪ್ಪ ಏನಂದರು ಗೊತ್ತಾ? "ಇಷ್ಟೇನಾ! ಪುತ್ತೂರು ಕಟ್ಟು ಹಾಕಿಸಿದರೆ ಆಗ್ತಿತ್ತು." ಮುರಿದ ಮೂಳೆಗೆ ನಾಟಿ ವೈದ್ಯರು ಕಟ್ಟು ಹಾಕುವ ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ. ರಾತ್ರಿಯೇ ಬಸ್ ಯಾವುದಿದೆ ಅಂತಲೂ ವಿಚಾರಿಸುತ್ತಿದ್ದರು.