ಬಿಚ್ಚೋದು ಚಿಕ್ಕಪ್ಪ, ಜೋಡಿಸೋದು ನಾನು

ಬಿಚ್ಚುವ ಕಲೆಯನ್ನು ದೇವರು ನಮ್ಮ ಚಿಕ್ಕಪ್ಪನಿಗೆ ಧಾರಾಳವಾಗಿ ಕೊಟ್ಟಿದ್ದಾನೆ. ಪಂಪ್‌ಸೆಟ್, ಮಿಕ್ಸಿ, ವೀಡ್ ಕಟರ್, ಗೋಡೆ ಗಡಿಯಾರ, ಯಾವುದಾದರೂ ಸರಿ. ಜೋಡಿಸುವ ಹೊತ್ತಿಗೆ ಮಾತ್ರ ಅವರಿಗೊಂದು ಫೋನ್ ಬರುತ್ತದೆ. ಸಕಲೇಶಪುರದಾಚೆಯ ನಮ್ಮೂರಲ್ಲಿ ಮಳೆಗಾಲದಲ್ಲಿ ಬೇರೆ ಯಾರಿಗೂ ನೆಟ್‌ವರ್ಕ್ ಸಿಗುವುದಿಲ್ಲ, ಅವರಿಗೆ ಹೇಗೆ ಸಿಗುತ್ತದೋ!

ಈ ವಾರ ಅವರ ಕೈಗೆ ಸಿಕ್ಕಿದ್ದು ಅಜ್ಜನ ಕೋವಿ. ಆಷಾಢದ ಮಳೆಗೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಇನ್ನು ಕಬ್ಬಿಣವನ್ನು ತುಕ್ಕು ಬಿಟ್ಟೀತೆ?

ಮಾಮೂಲಿ ಜೋಡುನಳಿಗೆಯಾಗಿದ್ದರೆ ತಾಪತ್ರಯವಿರಲಿಲ್ಲ. ಮೂರು ತುಂಡು, ಟಕ್ಕೆಂದು ಕೂರುತ್ತದೆ. ನಮ್ಮದು ಬೆಲ್ಜಿಯಂನ ಬ್ರೌನಿಂಗ್ ಆಟೋ-5. ಜಾನ್ ಬ್ರೌನಿಂಗ್ ಎಂಬ ಪುಣ್ಯಾತ್ಮ 1900ರಲ್ಲೇ ಪೇಟೆಂಟ್ ಪಡೆದ, ಗೂನುಬೆನ್ನಿನ ಸೆಮಿ ಆಟೋಮ್ಯಾಟಿಕ್. ಈಡು ಹಾರಿದರೆ ನಳಿಗೆಯೇ ಹಿಂದಕ್ಕೆ ಜಾರುತ್ತದೆ. ಆ ಪೆಟ್ಟು ತಡೆಯಲು, ನಳಿಗೆಯ ಕೆಳಗೆ ತೋಟಾ ತುಂಬಿಡುವ ಮ್ಯಾಗಝೀನ್ ಕೊಳವೆಯ ಮೇಲೆ ದಪ್ಪ ಸ್ಪ್ರಿಂಗ್, ಒಂದು ಉಕ್ಕಿನ ಬಳೆ, ಒಂದು ಸೀಳಿದ ಕಂಚಿನ ಬಳೆ. ಭಾರಿ ತೋಟಾ ಹಾಕುವುದಾದರೆ ಉಕ್ಕಿನ ಬಳೆ ಸ್ಪ್ರಿಂಗಿನ ಮುಂದೆ, ಇಳಿಜಾರು ಅಂಚು ಕಂಚಿನ ಕಡೆಗೆ. ಹಗುರ ತೋಟಾಗೆ ಅದೇ ಬಳೆ ಸ್ಪ್ರಿಂಗಿನ ಹಿಂದೆ. ಅದಲುಬದಲಾದರೆ ಒಂದೋ ಭುಜ ಊದುತ್ತದೆ, ಇಲ್ಲವೇ ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತದೆ.

ಒಳಗೆ ತೋಟಾ ಇಲ್ಲವೆಂದು ನೋಡಿಕೊಂಡು ಚಿಕ್ಕಪ್ಪ ಜಗುಲಿಯಲ್ಲಿ ಪೇಪರ್ ಹಾಸಿದರು. ಅವರು ಬಿಚ್ಚುವುದೆಂದರೆ ಅದೊಂದು ಪೂಜೆ. ಪ್ರತಿ ತುಂಡನ್ನೂ ಹಳೇ ಪಂಚೆಯಲ್ಲಿ ಒರೆಸಬೇಕು, ಕನ್ನಡಕ ಹಣೆಗೇರಿಸಿ ಬೆಳಕಿಗೆ ಹಿಡಿಯಬೇಕು, ಮೂಸಬೇಕು, "ಎಂಥಾ ಉಕ್ಕು ನೋಡೋ" ಎಂದು ನನ್ನ ಮೂಗಿಗೂ ಹಿಡಿಯಬೇಕು. ಹಾಸಿದ ಪೇಪರಿನಲ್ಲಿ ಕಾಫಿ ರೇಟಿನ ಸುದ್ದಿ ಕಂಡರೆ ಸ್ಪ್ರಿಂಗ್ ಪಕ್ಕಕ್ಕೆ ಸರಿಸಿ ಅದನ್ನೂ ಓದಿ ಮುಗಿಸಬೇಕು. ಕೊನೆಯ ತುಂಡು ಇಟ್ಟರು, ಫೋನ್ ಬಂತು. "ಇನ್ನೇನಿದೆ, ಜೋಡಿಸಿಬಿಡು ಮಗಾ" ಎಂದವರೇ ಛತ್ರಿಯನ್ನೂ ಬಿಚ್ಚಿಕೊಂಡು ಹೊರಟುಬಿಟ್ಟರು.

ನಳಿಗೆಯನ್ನು ಸ್ಪ್ರಿಂಗಿಗೆದುರಾಗಿ ಒತ್ತಿ ಹಿಡಿಯಲು ಎರಡು ಕೈ ಬೇಕು; ಮುಂದಿನ ಮರದ ಹಿಡಿ ತೂರಿಸಿ ಮುಚ್ಚಳ ತಿರುಗಿಸಲು ಇನ್ನೊಂದು. ಹೆಂಡತಿಯನ್ನು ಕರೆದೆ. "ಎಲೆಕ್ಷನ್ ಟೈಮಲ್ಲಿ ಠಾಣೆಗೆ ಕೊಟ್ಟಿದ್ರಲ್ಲ, ವಾಪಸ್ ಯಾಕೆ ತಂದ್ರಿ?" ಎಂದಳು. ಅಷ್ಟರಲ್ಲಿ ನೋಡಿದರೆ ಉಕ್ಕಿನ ಬಳೆಯೇ ಇಲ್ಲ! ಜಗುಲಿ ಗುಡಿಸಿದ್ದಾಯ್ತು, ನಾಯಿಯ ಬಾಯಿ ತೆರೆಸಿದ್ದಾಯ್ತು.

ಅಜ್ಜ ಇದನ್ನು ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ, ಮಾತಾಡುತ್ತಲೇ ಜೋಡಿಸುತ್ತಿದ್ದರು. ಆಗೆಲ್ಲ ಗಾಳಿಗೊಂದು ಈಡು ಹೊಡೆದರೆ ಮಂಗಗಳ ಹಿಂಡು ಗುಡ್ಡ ದಾಟುತ್ತಿತ್ತು. ಈಗ ತೋಟಕ್ಕೆ ಬರುವುದು ಆನೆ. ಅರಣ್ಯ ಇಲಾಖೆಯವರ ಮೆಸೇಜ್ ನೋಡಿಕೊಂಡು ನಾವೇ ಬಾಗಿಲು ಹಾಕಿಕೊಳ್ಳುತ್ತೇವೆ. ಕೋವಿಯ ಪಾಲಿಗೆ ಉಳಿದಿರುವುದು ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣ, ಮಳೆಗಾಲಕ್ಕೊಮ್ಮೆ ಚಿಕ್ಕಪ್ಪ.

ಸಂಜೆ ಬಂದವರು ಜೇಬಿನಿಂದ ಏಲಕ್ಕಿ, ಚಿಲ್ಲರೆ, ಬಸ್ ಟಿಕೆಟ್, ಆಮೇಲೆ ಬಳೆ ತೆಗೆದರು.

"ನೀನು ಎಲ್ಲಾದ್ರೂ ಕಳೀತೀಯ ಅಂತ ನಾನೇ ಇಟ್ಕೊಂಡಿದ್ದೆ."

ತೋಟದ ಲೆಕ್ಕ ಬರೆಯುವ ರೈಟರ್‌ನನ್ನು ಕರೆದು ಮುಚ್ಚಳ ತಿರುಗಿಸಲು ಹೇಳಿ, ಉಸಿರು ಬಿಗಿಹಿಡಿದು ಒತ್ತಿ, ಅಂತೂ ಕೋವಿ ಕೂತಿತು. ಚಿಕ್ಕಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮರದೊಳಗಿನ ಬಳೆ ಹೊರಗಿಂದ ಯಾರಿಗೂ ಕಾಣುವುದಿಲ್ಲ.

"ಉಲ್ಟಾ ಕೂತಂಗಿದೆಯಲ್ಲೋ. ತಾ ಇಲ್ಲಿ, ಬಿಚ್ಚಿ ನೋಡ್ತೀನಿ."