ಭಾವನ ಬ್ಲ್ಯಾಕ್‌ಮೋರ್, ಮಗನ ಮೋರ್ಸ್

ಡೀಪ್ ಪರ್ಪಲ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡು 1975ರಲ್ಲೇ ತೀರಿಕೊಂಡಿತು ಎಂಬುದು ನಮ್ಮ ಭಾವನ ದೃಢ ನಂಬಿಕೆ. ತೀರಿಕೊಂಡವರು 2024ರಲ್ಲಿ ಹೊಸ ಆಲ್ಬಮ್ ಹೊರತಂದರಲ್ಲ ಭಾವ ಅಂದರೆ, "ಅದು ಬ್ಯಾಂಡಲ್ಲಪ್ಪ, ಬ್ಯಾಂಡಿನ ಬೋರ್ಡು" ಅನ್ನುತ್ತಾರೆ. ಅವರ ಪ್ರಕಾರ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಎದ್ದು ಹೋದ ದಿನವೇ ಬಾಗಿಲು ಹಾಕಬೇಕಿತ್ತು. 1984ರಲ್ಲಿ ಅವನು ವಾಪಸು ಬಂದಾಗ ಸತ್ತದ್ದು ಎದ್ದು ಕೂತಿತು. 1993ರಲ್ಲಿ ಪ್ರವಾಸದ ನಡುವೆಯೇ ಮತ್ತೆ ಬಿಟ್ಟು ಹೋದಾಗ ಎರಡನೇ ಸಲ ಪ್ರಾಣ ಹೋಯಿತು. ಒಂದೇ ಬ್ಯಾಂಡಿಗೆ ಎರಡೆರಡು ಸಲ ಸೂತಕ ಹಿಡಿದ ಮನುಷ್ಯ ನಮ್ಮ ಭಾವ.

ಅವರ ಮಗ, ಅಂದರೆ ನನ್ನ ಸೋದರಳಿಯ, ಬ್ಲ್ಯಾಕ್‌ಮೋರ್ ನಂತರದ ಕಾಲದ ಗಿಟಾರಿಸ್ಟ್ ಸ್ಟೀವ್ ಮೋರ್ಸ್ ಪಕ್ಷ. ಅವನ ಕಿವಿಗೆ ಮೊದಲು ಬಿದ್ದದ್ದು 1996ರ 'ಪರ್ಪೆಂಡಿಕ್ಯುಲರ್' ಆಲ್ಬಮ್. ಅಲ್ಲಿಂದ ಹಿಂದಕ್ಕೆ ಕೇಳುತ್ತ ಹೋದ. ಹೀಗೆ ಇತಿಹಾಸವನ್ನು ಹಿಂದುಮುಂದಾಗಿ ಓದಿದವನಿಗೆ ಮೋರ್ಸ್ ಮನೆಯೊಡೆಯ, ಬ್ಲ್ಯಾಕ್‌ಮೋರ್ ಹಿಂದಿನ ಬಾಡಿಗೆದಾರ. ಲೆಕ್ಕವನ್ನೂ ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ. "ಅಪ್ಪಾ, ನಿನ್ನ ಬ್ಲ್ಯಾಕ್‌ಮೋರ್ ಎರಡೂ ಕಂತು ಸೇರಿಸಿದ್ರೆ ಹದಿನಾರು ವರ್ಷ ಇದ್ದ. ಮೋರ್ಸ್ 1994ರಿಂದ 2022ರವರೆಗೆ ಇದ್ದ. ಇಪ್ಪತ್ತೆಂಟು ವರ್ಷ!"

"ಸೇವಾ ಹಿರಿತನ ನೋಡೋಕೆ ಇದೇನು ಗುಮಾಸ್ತಿಕೆಯೇನೋ?" ಎಂದು ಭಾವ ಗುಡುಗುತ್ತಾರೆ.

ಇವರಿಬ್ಬರ ನಡುವೆ ಪಂಚಾಯ್ತಿಗೆ ಕೂರುವ ಪಾಪದವನು ನಾನು. "ನೀನೇ ಹೇಳಪ್ಪ" ಎಂದು ಭಾವ, "ಮಾಮ, ನೀನೇ ಹೇಳು" ಎಂದು ಅಳಿಯ. ಹೇಳಲು ಬಾಯಿ ತೆರೆದರೆ ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ. ನನ್ನದೂ ಒಂದು ಅಭಿಪ್ರಾಯ ಇದೆ ಅನ್ನುವುದು ಅವರಿಗೆ ಹೊಳೆದೇ ಇಲ್ಲ. ನಾನು ಟಾಮಿ ಬೋಲಿನ್ ಪಕ್ಷ. ಬ್ಲ್ಯಾಕ್‌ಮೋರ್ ಬಿಟ್ಟ ಜಾಗಕ್ಕೆ 1975ರಲ್ಲಿ ಬಂದು, ಒಂದೇ ಒಂದು ಸ್ಟುಡಿಯೋ ಆಲ್ಬಮ್ ನುಡಿಸಿ, ಮರುವರ್ಷ ಬ್ಯಾಂಡೇ ಒಡೆದುಹೋಗಿ, ಆ ಡಿಸೆಂಬರಿನಲ್ಲಿ ಇಪ್ಪತ್ತೈದಕ್ಕೇ ತೀರಿಕೊಂಡ ಅಮೆರಿಕದ ಹುಡುಗ. ಅವನ ಆ ಒಂದು ಆಲ್ಬಮ್ 'ಕಮ್ ಟೇಸ್ಟ್ ದ ಬ್ಯಾಂಡ್' ಇವತ್ತಿಗೂ ನನಗೆ ಹಳತಾಗಿಲ್ಲ. ಮೆಲ್ಲಗೆ "ಬೋಲಿನ್..." ಎಂದು ಶುರುಮಾಡಿದರೆ ಸಾಕು, ಭಾವ ಕನ್ನಡಕ ಒರೆಸಿಕೊಳ್ಳುತ್ತಾರೆ, ಅಳಿಯ ಫೋನು ನೋಡುತ್ತಾನೆ. ಆಮೇಲೆ ಬ್ಲ್ಯಾಕ್‌ಮೋರ್ ಮುಂದುವರಿಯುತ್ತಾನೆ.

ಬರೀ ಮಾತಿನಲ್ಲಿ ಮುಗಿದಿದ್ದರೆ ಈ ಬರಹ ಬೇಕಿರಲಿಲ್ಲ. ಭಾವನಿಗೆ ವಾದ ಬಾಯಲ್ಲಿ ನಿಲ್ಲುವುದಿಲ್ಲ, ಕೈಗೆ ಇಳಿಯುತ್ತದೆ. 1974ರ ಕ್ಯಾಲಿಫೋರ್ನಿಯಾ ಜ್ಯಾಮ್ ಕಾರ್ಯಕ್ರಮದಲ್ಲಿ ಬ್ಲ್ಯಾಕ್‌ಮೋರ್ ತನ್ನ ಗಿಟಾರಿನಿಂದ ಟಿವಿ ಕ್ಯಾಮೆರಾವನ್ನೇ ತಿವಿದ. ವೇದಿಕೆಯ ಮೇಲೆ ಬೆಂಕಿಯೂ ಎದ್ದಿತು. ಆ ಪ್ರಸಂಗವನ್ನು ವರ್ಣಿಸುವಾಗ ಭಾವನ ಕೈಗೆ ಸಿಕ್ಕಿದ್ದು ಮೂಲೆಯ ಕೊಡೆ. ತಿವಿತಕ್ಕೆ ಸಿಕ್ಕಿದ್ದು ಗೋಡೆ ಗಡಿಯಾರ. ಕೊಡೆಯೂ ಬಿಚ್ಚಿಕೊಂಡಿತು. ಒಡೆದ ಗಾಜಿನ ನಡುವೆ, ಬಿಚ್ಚಿದ ಕೊಡೆಯ ಕೆಳಗೆ ನಿಂತು ಅವರು, "ನೋಡು, ಇಂಥ ಕೆಚ್ಚು ಮೋರ್ಸ್‌ಗೆ ಎಲ್ಲಿಂದ ಬರಬೇಕು?" ಎಂದರು. ಮೋರ್ಸ್ ಆ ಮಟ್ಟಿಗೆ ಸಂಭಾವಿತ, ಗಡಿಯಾರಗಳ ತಂಟೆಗೆ ಹೋದವನಲ್ಲ ಎಂದು ಅಕ್ಕ ಪೊರಕೆ ತರುತ್ತ ಗೊಣಗಿದಳು.

ಇನ್ನೊಮ್ಮೆ ಅಳಿಯ ತನ್ನ ಗಿಟಾರಿನಲ್ಲಿ 'ಸ್ಮೋಕ್ ಆನ್ ದ ವಾಟರ್' ಹಾಡಿನ ಆ ಜಗತ್ಪ್ರಸಿದ್ಧ ರಿಫ್, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛ, ಬಾರಿಸುತ್ತಿದ್ದ. ಗಿಟಾರ್ ಹಿಡಿದ ಯಾರೂ ಮೊದಲು ನುಡಿಸುವುದು ಅದನ್ನೇ, ಮತ್ತು ಬಹುಪಾಲು ಜನ ತಪ್ಪಾಗಿಯೇ ನುಡಿಸುತ್ತಾರೆ. ಭಾವ ಒಳಗಿಂದ ಓಡಿ ಬಂದರು. "ಪಿಕ್ ಕೆಳಗಿಡೋ! ಬ್ಲ್ಯಾಕ್‌ಮೋರ್ ಅದನ್ನ ಬೆರಳಲ್ಲಿ ಎಳೀತಾನೆ. ಎರಡು ತಂತಿ ಒಟ್ಟಿಗೇ ನುಡೀಬೇಕು. ಷಡ್ಜ ಮಧ್ಯಮದ ಅಂತರ ಕಣೋ, ಎಲ್ಲರೂ ಷಡ್ಜ ಪಂಚಮ ಹಿಡಿದು ಕೆಡಿಸ್ತಾರೆ." ಹೇಳಿದ್ದು ಅಕ್ಷರಶಃ ಸರಿ. ತೊಂದರೆಯಾದದ್ದು ಅವರೇ ತೋರಿಸಲು ಹೊರಟಾಗ. ಭಾವ ಜನ್ಮದಲ್ಲಿ ಗಿಟಾರ್ ಮುಟ್ಟಿದವರಲ್ಲ. ತಂತಿಯನ್ನು ಬಾವಿಹಗ್ಗದ ಹಾಗೆ ಎಳೆದರು. ಟಣ್ ಎಂದು ಹರಿದು ಮೂಗಿಗೆ ಬಡಿಯಿತು. ಮೂಗು ಒತ್ತಿಕೊಂಡೇ, "ಈ ತಂತಿ ಮೋರ್ಸ್ ಥರದವರಿಗೆ ಮಾಡಿದ್ದು" ಎಂದು ತೀರ್ಪು ಕೊಟ್ಟರು.

ಆದರೆ ನಮ್ಮ ಮನೆಯ ಚರಿತ್ರೆಯಲ್ಲಿ ಉಳಿದುಹೋದದ್ದು ಹಾಸಿಗೆ ಪ್ರಕರಣ.

ಹಿನ್ನೆಲೆ ತಿಳಿಯದವರಿಗೆ ಹೇಳಬೇಕು. 1971ರ ಡಿಸೆಂಬರಿನಲ್ಲಿ ಈ ಬ್ಯಾಂಡು 'ಮೆಷೀನ್ ಹೆಡ್' ಆಲ್ಬಮ್ ಮಾಡಲು ಸ್ವಿಟ್ಜರ್ಲೆಂಡಿನ ಮಾಂಟ್ರೋಗೆ ಹೋಯಿತು. ಅಲ್ಲಿನ ಕ್ಯಾಸಿನೋದಲ್ಲಿ ರೆಕಾರ್ಡಿಂಗ್ ಎಂದು ಗೊತ್ತಾಗಿತ್ತು. ಡಿಸೆಂಬರ್ 4ರಂದು ಫ್ರ್ಯಾಂಕ್ ಜಪ್ಪಾ ಎಂಬ ರಾಕ್ ಸಂಗೀತಗಾರನ ಕಛೇರಿ ನಡೆಯುವಾಗ ಯಾರೋ ಪ್ರೇಕ್ಷಕ ಬೆಂಕಿಯುಂಡೆ ಉಗುಳುವ ಫ್ಲೇರ್ ಗನ್ ಹಾರಿಸಿ, ಕ್ಯಾಸಿನೋ ಸುಟ್ಟು ಹೋಯಿತು. ಕೆರೆಯ ಮೇಲೆ ಹಬ್ಬಿದ ಆ ಹೊಗೆಯೇ ಹಾಡಾಯಿತು. ಇದು ಎಲ್ಲರಿಗೂ ಗೊತ್ತು. ಮುಂದಿನ ಕಥೆಯೇ ನನಗೆ ಹೆಚ್ಚು ಇಷ್ಟ. ಬೇರೊಂದು ಸಭಾಂಗಣಕ್ಕೆ ಹೋಗಿ ಆ ರಿಫ್ ನುಡಿಸುತ್ತಿದ್ದಾಗ ನೆರೆಹೊರೆಯವರು ನಿದ್ದೆ ಕೆಟ್ಟು ದೂರು ಕೊಟ್ಟರು, ಪೊಲೀಸರು ಬಂದರು. ಆ ರೆಕಾರ್ಡಿಂಗ್ ಮುಗಿಯುವವರೆಗೂ ಬ್ಯಾಂಡಿನ ಆಳುಗಳು ಒಳಗಿನಿಂದ ಬಾಗಿಲು ಒತ್ತಿ ಹಿಡಿದು ನಿಂತರು. ಅಲ್ಲಿಂದಲೂ ಹೊರದಬ್ಬಿಸಿಕೊಂಡು, ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್ ಸೇರಿ, ಅದರ ಓಣಿಯಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ ಸದ್ದು ಹಿಡಿದು ಮಿಕ್ಕ ಹಾಡು ಮುಗಿಸಿದರು. ಹೊರಗೆ ನಿಂತಿದ್ದ ರೆಕಾರ್ಡಿಂಗ್ ಲಾರಿಗೆ ಹೋಗಬೇಕೆಂದರೆ ಕೋಣೆ, ಬಾಲ್ಕನಿ ಎಲ್ಲ ದಾಟಬೇಕಿತ್ತಂತೆ. ಬೇಜಾರಾಗಿ, ನುಡಿಸಿದ್ದನ್ನು ಹೋಗಿ ಕೇಳುವುದನ್ನೇ ಬಿಟ್ಟರು. ಗಿಟಾರಿನ ಒಂದೊಂದು ಸ್ವರಕ್ಕೂ ಭಾಷ್ಯ ಬರೆಯುವ ನಾವು ತಿಳಿಯಬೇಕು: ನುಡಿಸಿದವರಿಗೇ ಅದನ್ನು ಎರಡನೇ ಸಲ ಕೇಳುವಷ್ಟು ವ್ಯವಧಾನ ಇರಲಿಲ್ಲ.

ಭಾವನಿಗೆ ಈ ಕಥೆ ಕಂಠಪಾಠ. ಹಾಗಾಗಿ ಪಕ್ಕದ ಮನೆಯವರು ಸದ್ದಿನ ಬಗ್ಗೆ ದೂರು ಹೇಳಿ ಹೋದಾಗ ಅವರಿಗೆ ಅವಮಾನ ಆಗಲಿಲ್ಲ, ತಾನೂ ಮಾಂಟ್ರೋದಲ್ಲಿದ್ದೇನೆ ಎಂಬ ಹೆಮ್ಮೆ ಆಯಿತು. ಅಕ್ಕ ಹೊರಗೆ ಹೋಗಿದ್ದಳು. ಮನೆಯ ಹಾಸಿಗೆಗಳೆಲ್ಲ ಒಂದು ಕೋಣೆಗೆ ಬಂದವು. ಕಿಟಕಿಗೆ ಒಂದು, ಗೋಡೆಗೆ ಒಂದು, ದೊಡ್ಡ ಮಂಚದ ಭಾರದ್ದು ಬಾಗಿಲಿಗೆ. ಒಳಗೆ ಭಾವ, ಅಳಿಯ, ನಾನು, ಮತ್ತು 1972ರ ಆಗಸ್ಟಿನಲ್ಲಿ ಒಸಾಕಾ ಹಾಗೂ ಟೋಕಿಯೋದ ಕಛೇರಿಗಳಲ್ಲಿ ಮುದ್ರಿಸಿಕೊಂಡ ಆಲ್ಬಮ್ 'ಮೇಡ್ ಇನ್ ಜಪಾನ್'. ಸ್ಪೀಕರಿನ ಗುಂಡಿ ಕೊನೆಯವರೆಗೆ ತಿರುಗಿತು. ನಿಜ ಹೇಳಬೇಕೆಂದರೆ ಅದ್ಭುತವಾಗಿತ್ತು. ಉಸಿರಾಡುವುದು ಕಷ್ಟವಾಗಿತ್ತು, ಆದರೆ ಅದ್ಭುತವಾಗಿತ್ತು.

ಆ ರಿಫ್ ಬಂತು. ಜಪಾನಿನಲ್ಲಿ ಬ್ಲ್ಯಾಕ್‌ಮೋರ್ ಅದನ್ನು ಸ್ಟುಡಿಯೋದಲ್ಲಿ ನುಡಿಸಿದಂತೆ ಶುರುಮಾಡುವುದಿಲ್ಲ, ತುಂಡು ತುಂಡಾಗಿಸಿ ಆಟವಾಡಿಸುತ್ತಾನೆ. ಅದರ ಹಿಂದೆ ಇನ್ನೊಂದು ಸಣ್ಣ ದನಿಯಲ್ಲಿ ಅದೇ ರಿಫ್ ಸ್ವಲ್ಪ ತಡವಾಗಿ ಕೇಳಿಸಿತು. ಭಾವನ ಮುಖ ಅರಳಿತು. "ಕೇಳಿಸ್ತೇನೋ? ಇಷ್ಟು ವರ್ಷ ನನ್ನ ಕಿವಿಗೇ ಬಿದ್ದಿರಲಿಲ್ಲ. ತನಗೆ ತಾನೇ ಉತ್ತರ ಕೊಡ್ತಿದ್ದಾನೆ!" ಅಳಿಯನೂ ತಲೆ ಬಾಗಿಸಿ, ಇದು ಎಕೋ ಯಂತ್ರದ ಕೈವಾಡ ಇರಬೇಕು, ಆದರೂ ಚೆನ್ನಾಗಿದೆ ಎಂದು ಒಪ್ಪಿಕೊಂಡ. ಬ್ಲ್ಯಾಕ್‌ಮೋರ್ ವಿಷಯದಲ್ಲಿ ಅವನು ಸೋತದ್ದು ಅದೇ ಮೊದಲು. ಹಾಡು ಮುಗಿಯಿತು, ಜಪಾನೀಯರು ಚಪ್ಪಾಳೆ ಹೊಡೆದರು. ಆ ಸಣ್ಣ ದನಿ ಮಾತ್ರ ನಿಲ್ಲಲಿಲ್ಲ.

ಅದು ಭಾವನ ಫೋನು. ಅವರ ರಿಂಗ್‌ಟೋನು ಅದೇ ರಿಫ್. ಕೀಲಿ ಮರೆತು ಹೋಗಿದ್ದ ಅಕ್ಕ ಹೊರಬಾಗಿಲಲ್ಲಿ ನಿಂತು, ಬೆಲ್ ಒತ್ತಿ ಒತ್ತಿ ಸಾಕಾಗಿ, ಒಂದೇ ಸಮನೆ ಕರೆ ಮಾಡುತ್ತಿದ್ದಳು.

ಓಡಿ ಹೋಗಿ ಬಾಗಿಲು ತೆಗೆಯೋಣವೆಂದರೆ ಆ ಭಾರದ ಹಾಸಿಗೆ ಜಾರಿ ಬಿದ್ದು, ಒಳಗೆ ತೆರೆಯುವ ಬಾಗಿಲಿಗೂ ಮಂಚಕ್ಕೂ ನಡುವೆ ಬೆಣೆ ಹೊಡೆದಂತೆ ಕೂತಿತ್ತು. ಎಳೆದರೆ ಮಡಚಿಕೊಳ್ಳುತ್ತದೆ, ತಳ್ಳಿದರೆ ಉಬ್ಬುತ್ತದೆ. ಅಪ್ಪ ಒಂದು ಕಡೆ, ಮಗ ಒಂದು ಕಡೆ, ಆ ಗಡಿಬಿಡಿಯಲ್ಲೂ ಡ್ರಮ್ಮಿನ ಸೋಲೋ ಆರಂಭವಾಗಿತ್ತು. ಫೋನ್ ಎತ್ತಿದ ಭಾವ, "ಬಂದೆ, ಬಂದೆ, ಹಾಸಿಗೆಯಲ್ಲಿ ಸಿಕ್ಕಿಹಾಕಿಕೊಂಡಿದೀವಿ" ಎಂದರು. ಫೋನ್ ಸ್ಪೀಕರಿನಲ್ಲಿತ್ತು. ಆ ಕಡೆಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಅಕ್ಕ ಈ ಬ್ಯಾಂಡಿನ ಸಂಗೀತದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಹಾಗಾಗಿ ಅವಳಿಗೆ ಏನೂ ಗೊತ್ತಿಲ್ಲ ಎಂದೇ ಇವರ ಎಣಿಕೆ. ಹುಡುಗಿಯಾಗಿದ್ದಾಗ ಕೀಬೋರ್ಡ್ ಕಲಿತವಳು ಎಂಬುದು ನನ್ನೊಬ್ಬನಿಗೆ ನೆನಪಿತ್ತು. ಹಾಸಿಗೆಗಳು ವಾಪಸು ಮಂಚ ಸೇರಿ ಕೆಲಕಾಲವಾದ ಮೇಲೆ, ಇವರಿಬ್ಬರೂ ಮತ್ತೆ ಊಟದ ಹೊತ್ತಿಗೆ ಶುರುವಿಟ್ಟುಕೊಂಡಾಗ, ಅವಳು ತನ್ನ ಫೋನು ಹಿಡಿದು ಬಂದಳು. "ಒಂದು ತುಣುಕು ಹಾಕ್ತೀನಿ. ಯಾರದ್ದು ಹೇಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಊಟ ಮಾಡಿ."

ಎರಡು ಉಸಿರಿನಷ್ಟು ಹೊತ್ತು ಕೇಳಿಸಿದಳು. ಗರಗರ ಎಂದು ಒರಟಾಗಿ ಗುರುಗುಡುವ ನಾದ, ಅಷ್ಟೆ.

"ಬ್ಲ್ಯಾಕ್‌ಮೋರ್" ಎಂದ ಅಳಿಯ ತಡಮಾಡದೆ. "ಎಷ್ಟು ಒರಟು ನೋಡು. ಮೋರ್ಸ್ ಆಗಿದ್ರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳ್ತಿತ್ತು."

"ಆ ಒರಟಿನಲ್ಲೇ ಇರೋದು ಕಣೋ ಸಂಗೀತ!" ಭಾವ ಅನ್ನ ಬಿಟ್ಟು ಎದ್ದರು. "ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಫ್ರೆಟ್ಟು ಅನ್ನೋ ಲೋಹದ ಪಟ್ಟಿಗಳ ನಡುವಿನ ಮರ ಕೆತ್ತಿಸಿ ಹಳ್ಳ ಮಾಡಿಸ್ಕೊಂಡವನು ಅವನು. ಬೆರಳು ಮರಕ್ಕೆ ತಾಗೋದಿಲ್ಲ, ಬರೀ ತಂತಿ ಮೇಲೆ. ಅದಕ್ಕೇ ಈ ನಾದ. ನಿನ್ನ ಮೋರ್ಸ್ ಗಿಟಾರಿಗೆ ನಾದ ಹಿಡಿಯೋ ಪಿಕಪ್ಪು ನಾಲ್ಕು ಇಟ್ಟುಕೊಂಡ್ರೂ ಇದು ಬರಲ್ಲ." ಅಲ್ಲಿಂದ ವಾದ ಬ್ಲ್ಯಾಕ್‌ಮೋರ್ 1997ರಿಂದ ಹೆಂಡತಿಯ ಜೊತೆ ಹಳೇ ಕಾಲದ ದಿರಿಸು ತೊಟ್ಟು ಜಾನಪದ ಧಾಟಿಯ ಸಂಗೀತ ನುಡಿಸುತ್ತಿರುವುದು ವಿಕಾಸವೋ ವಾನಪ್ರಸ್ಥವೋ ಎಂಬಲ್ಲಿಗೆ ಹೋಯಿತು. ಸಾರು ಆರಿತು.

"ಅದು ಆರ್ಗನ್ನು" ಎಂದಳು ಅಕ್ಕ.

'ಮೆಷೀನ್ ಹೆಡ್' ಆಲ್ಬಮ್ಮಿನ 'ಲೇಜಿ' ಹಾಡಿನ ಮೊದಲ ತುಣುಕು. ಅಲ್ಲಿ ಗಿಟಾರ್ ಇನ್ನೂ ಬಂದೇ ಇಲ್ಲ, ಇರುವುದು ಬ್ಯಾಂಡಿನ ಕೀಬೋರ್ಡ್ ವಾದಕ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್. ಅವನು ಅದನ್ನು ಗಿಟಾರಿಸ್ಟರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ, ಚರ್ಚಿನ ವಾದ್ಯವನ್ನು ಗುರುಗುಟ್ಟಿಸಿದ. ಭಾವನಿಗೆ ಇದು ಗೊತ್ತಿಲ್ಲದೆ ಇಲ್ಲ; ಇಡೀ ಆಲ್ಬಮ್ಮನ್ನು ನಿದ್ದೆಯಲ್ಲೂ ಹಾಡಬಲ್ಲರು. ಮಗ ಬೈದ ರಭಸಕ್ಕೆ, ಬೈಸಿಕೊಂಡದ್ದು ಯಾವ ವಾದ್ಯ ಎಂದು ನೋಡದೆ ವಕಾಲತ್ತು ವಹಿಸಿಬಿಟ್ಟರು.

ನನಗಂತೂ ಬಹಳ ದಿನದಿಂದ ಇದೇ ಅನುಮಾನ. ಈ ಬ್ಯಾಂಡಿನ ಗಿಟಾರ್ ಎಂದು ನಾವು ಹೊಡೆದಾಡುವುದರಲ್ಲಿ ಅರ್ಧ ಲಾರ್ಡ್‌ನ ಪಾಲು. 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಡೀ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಬ್ಯಾಂಡಿನ ಜೊತೆ ಕೂರಿಸಿ ತಾನೇ ರಚಿಸಿದ ಕನ್ಚೆರ್ಟೋ ಎಂಬ ದೊಡ್ಡ ಕೃತಿಯನ್ನು ನುಡಿಸಿದವನು ಅವನು. ಮರುವರ್ಷವೇ 'ಇನ್ ರಾಕ್' ಆಲ್ಬಮ್ಮಿನಲ್ಲಿ ಬ್ಲ್ಯಾಕ್‌ಮೋರ್ ಬ್ಯಾಂಡನ್ನು ಗಟ್ಟಿ ರಾಕ್ ಕಡೆಗೆ ಎಳೆದ. ಇಬ್ಬರ ಈ ಎಳೆದಾಟ ಎಲ್ಲಿ ಸಮಬಲವಾಗಿದೆಯೋ ಅಲ್ಲೆಲ್ಲ ಬ್ಯಾಂಡು ಎದ್ದು ನಿಂತಿದೆ. 2002ರಲ್ಲಿ ಲಾರ್ಡ್ ನಿವೃತ್ತನಾಗಿ ಡಾನ್ ಏರಿ ಆ ಜಾಗಕ್ಕೆ ಬಂದಾಗ ನಮ್ಮ ಮನೆಯಲ್ಲಿ ಯಾರೂ ಸೂತಕ ಹಿಡಿಯಲಿಲ್ಲ. 1968ರಿಂದ ಇವತ್ತಿನವರೆಗೆ ಡ್ರಮ್ಮಿನ ಹಿಂದಿನ ಸ್ಟೂಲು ಬಿಡದೆ ಕೂತಿರುವ ಇಯನ್ ಪೇಸ್ ಹೆಸರನ್ನು ಅಪ್ಪನೂ ಎತ್ತುವುದಿಲ್ಲ, ಮಗನೂ ಎತ್ತುವುದಿಲ್ಲ. 2022ರಲ್ಲಿ ಬೆಲ್‌ಫಾಸ್ಟಿನ ಸೈಮನ್ ಮೆಕ್‌ಬ್ರೈಡ್ ಗಿಟಾರ್ ಹಿಡಿದು ಬಂದ. ಅವನ ಪಕ್ಷ ಸೇರಲು ನಮ್ಮಲ್ಲಿ ಇನ್ನೂ ಯಾರೂ ಹುಟ್ಟಿಲ್ಲ.

ಭಾವ ಸೋಲೊಪ್ಪುವ ಕುಲದವರಲ್ಲ. ತಣ್ಣನೆಯ ಸಾರು ಕಲಸುತ್ತ ಯೋಚಿಸಿ, "ಬ್ಲ್ಯಾಕ್‌ಮೋರ್ ಪಕ್ಕದಲ್ಲಿ ನಿಂತಿದ್ದಕ್ಕೇ ಆರ್ಗನ್‌ಗೂ ಆ ಬುದ್ಧಿ ಬಂದದ್ದು" ಎಂದರು.

"ಹಾಗಾದ್ರೆ ಮೋರ್ಸ್ ಪಕ್ಕದಲ್ಲಿದ್ದಾಗ ಬಂದ ಬುದ್ಧಿ ಯಾರದ್ದು?" ಎಂದ ಅಳಿಯ.

ಇಬ್ಬರೂ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ, ಇಷ್ಟು ವರ್ಷಕ್ಕೆ ನನಗೊಂದು ಅವಕಾಶ ಸಿಕ್ಕಿತು. "ಬೋಲಿನ್ ಇದ್ದಾಗಲೂ ಲಾರ್ಡ್ ಇದ್ದನಲ್ಲ, ಆ ಆಲ್ಬಮ್ಮಿನಲ್ಲಿ..." ಎಂದೆ.

"ಯಾರೋ ಅದು ಬೋಲಿನ್?" ಅಕ್ಕ ಕುತೂಹಲದಿಂದ ನನ್ನ ಕಡೆ ತಿರುಗಿದಳು.

"ಯಾರೂ ಅಲ್ಲ, ನೀನು ಬಡಿಸು" ಎಂದರು ಭಾವ. "ಹೂಂ ಅಮ್ಮ, ಅದು ಲೆಕ್ಕಕ್ಕಿಲ್ಲ" ಎಂದು ಅಳಿಯ ಅಪ್ಪನ ತಟ್ಟೆಗೆ ತಾನೇ ಅನ್ನ ಹಾಕಿದ.