ಕನ್ನಡದ ಸಾಲುಗಳ ನಡುವೆ ಸ್ವಲ್ಪ ಜಾಗ ಬಿಡಿ

ಹೋದ ತಿಂಗಳು ಗೆಳೆಯರೊಬ್ಬರ ಪುಸ್ತಕದ ಕರಡು ತಿದ್ದಲು ಕೂತಿದ್ದೆ. ಬರಹ ಬಹಳ ಚೆನ್ನಾಗಿದೆ. ಆದರೆ ಹತ್ತು ಪುಟ ದಾಟುವಷ್ಟರಲ್ಲಿ ಕಣ್ಣು ಸೋತುಹೋಯಿತು. ಯಾಕೆ ಅಂತ ಹತ್ತಿರದಿಂದ ನೋಡಿದೆ. ಒಂದು ಸಾಲಿನಲ್ಲಿ ‘ರಾಷ್ಟ್ರೀಯ’ ಅಂತಿದೆ. ಷಕಾರದ ಕೆಳಗೆ ಟ ಒತ್ತು, ಅದಕ್ಕಂಟಿಕೊಂಡು ರ ಒತ್ತು. ಸರಿಯಾಗಿ ಅದರ ಕೆಳಗೆ, ಮುಂದಿನ ಸಾಲಿನಲ್ಲಿ, ‘ಕಿಟಕಿ’. ಕಕಾರದ ಗುಡಿಸು ಮೇಲಿನ ರ ಒತ್ತಿಗೆ ತಾಗಿ ಎರಡೂ ಸೇರಿ ಒಂದು ಕಪ್ಪು ಗಂಟಾಗಿದೆ. ಪುಟದ ತುಂಬ ಇಂಥ ಗಂಟುಗಳು.

ಪುಟ ಕಟ್ಟಿದವರನ್ನು ಕೇಳಿದೆ. ‘ನಾನೇನೂ ಮಾಡಿಲ್ಲ ಸಾರ್, ಲೆಡಿಂಗ್ ಆಟೋದಲ್ಲೇ ಇದೆ’ ಅಂದರು. ನನಗೆ ಬೇಸರ ಆಗಿದ್ದು ಅಲ್ಲೇ. ಲೆಡಿಂಗ್ ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಬಿಡುವ ದೂರ. ಪುಟ ಕಟ್ಟುವ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಆಟೋ ಅಂದರೆ ಅಕ್ಷರದ ಅಳತೆಯ 120%. 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್ ಸಾಲು. ಇಂಗ್ಲಿಷಿಗೆ ಅದು ಸಾಕು, ಅಲ್ಲಿ ಸಾಲಿನಿಂದ ಕೆಳಗಿಳಿಯೋದು ಜಿ, ಪಿ, ವೈ ಥರದ ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಹಾಗಲ್ಲ. ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒಂದು ಒತ್ತು. ಇಷ್ಟೆಲ್ಲ ಹೊತ್ತ ಸಾಲಿಗೆ ಇಂಗ್ಲಿಷಿನ ಅಳತೆ ಹಾಕಿದರೆ ಉಸಿರು ಕಟ್ಟದೆ ಇನ್ನೇನಾಗುತ್ತೆ?

ಮೊದಲು ಈ ತೊಂದರೆ ಹೀಗಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಶುರುವಾದಾಗ ಅದು ಕಲ್ಲಚ್ಚಿನಲ್ಲಿ ಬಂತು. ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ತೆಗೆಯೋದು. ಕೈಬರಹದಲ್ಲಿ ಮೇಲೆ ಒತ್ತಕ್ಷರ ಕಂಡರೆ ಬರೆಯುವವರ ಕೈ ತಾನಾಗೇ ಸ್ವಲ್ಪ ಸರಿಯುತ್ತೆ, ನಾವೂ ಬರೆಯುವಾಗ ಹಾಗೇ ಮಾಡುತ್ತೇವೆ.

ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸದಲ್ಲಿ ಕಾವಲು ಇನ್ನೂ ಗಟ್ಟಿ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಮೊಳೆ ಅದು. ಪ್ರತಿ ಮೊಳೆಗೂ ಒಂದು ಮೈ ಇದೆ, ಒಂದರ ಮೈಮೇಲೆ ಇನ್ನೊಂದು ಏರಲ್ಲ. ಕಂಪೋಸಿಟರ್ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರಗಳನ್ನು ಓದಿಕೊಂಡು, ಸ್ಟಿಕ್ ಅನ್ನುವ ಕೈಚೌಕಟ್ಟಿನಲ್ಲಿ ಒಂದೊಂದೇ ಸಾಲು ಜೋಡಿಸಿ, ಬೇಕಾದ ಕಡೆ ಸಾಲುಗಳ ನಡುವೆ ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಆ ಪಟ್ಟಿಗೆ ಲೆಡ್ ಅಂತ ಹೆಸರು. ಇವತ್ತು ಮೆನುವಿನಲ್ಲಿ ಕಾಣುವ ‘ಲೆಡಿಂಗ್’ ಹುಟ್ಟಿದ್ದು ಅದರಿಂದಲೇ. ಎಷ್ಟು ಪಟ್ಟಿ ಬೇಕು ಅಂತ ಒಬ್ಬ ಮನುಷ್ಯ ಕಣ್ಣಿಟ್ಟು ನೋಡಲೇಬೇಕಿತ್ತು.

1985ರಲ್ಲಿ ಪೇಜ್‌ಮೇಕರ್ ಬಂತು. ಮೇಜಿನ ಮುಂದೆ ಕೂತು ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಕಾಲ ಶುರುವಾಯಿತು. ಆಮೇಲೆ ನಮ್ಮಲ್ಲಿ ಕನ್ನಡ ಟೈಪ್ ಮಾಡುವ ಬರಹ, ನುಡಿ, ಶ್ರೀಲಿಪಿ ಸಾಫ್ಟ್‌ವೇರ್‌ಗಳು, ಅದಾದ ಮೇಲೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್. ಇದರಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು, ನಾನೇ ದಿನವೂ ಇದರಲ್ಲೇ ಕೆಲಸ ಮಾಡುತ್ತೇನೆ. ಆದರೆ ತೆರೆಯ ಮೇಲಿನ ಅಕ್ಷರಕ್ಕೆ ಅಡ್ಡ ಬರುವ ಮೈ ಇಲ್ಲ. ಒಂದರ ಮೇಲೊಂದು ಬಿದ್ದರೂ ಎಷ್ಟೋ ಸಲ ಸಾಫ್ಟ್‌ವೇರ್ ತಡೆಯಲ್ಲ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ ಅಂತ ಇಟ್ಟು ಕಡಿಮೆ ಅಂಕಿ ಕೊಟ್ಟರಂತೂ ಅಕ್ಷರವೇ ಕತ್ತರಿಸಿಹೋಗುತ್ತೆ. ಮೊಬೈಲ್ ಆ್ಯಪ್‌ಗಳ ಬಟನ್ ಮೇಲೆ ಒತ್ತಕ್ಷರದ ಬುಡ ಮಾಯವಾಗಿರೋದನ್ನು ನೀವೂ ನೋಡಿರುತ್ತೀರಿ.

ಇನ್ನೊಂದು, ಜಾಗ ತುಂಬಲಿ ಅಂತ ಅಕ್ಷರವನ್ನು ಅಡ್ಡಡ್ಡ ಎಳೆಯೋದು. ದಯವಿಟ್ಟು ಬೇಡ. ಗೀಟು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿ ಅಕ್ಷರದ ದುಂಡು ಕೆಟ್ಟುಹೋಗುತ್ತೆ. ಅಗಲದ ಅಕ್ಷರ ಬೇಕಿದ್ದರೆ ಅಗಲದ ಫಾಂಟ್ ಹುಡುಕಿ.

ಪುಟ ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ. ಆಟೋ ಬಿಟ್ಟುಬಿಡಿ. 12 ಪಾಯಿಂಟಿಗೆ 16, 17 ಕೊಟ್ಟು ನೋಡಿ. ಫಾಂಟ್ ಬದಲಾದರೆ ಅಂಕಿಯೂ ಬದಲಾಗುತ್ತೆ, ಹಾಗಾಗಿ ಒಂದು ಪುಟವನ್ನು ನಿಜವಾದ ಅಳತೆಯಲ್ಲೇ ಕಾಗದಕ್ಕೆ ಇಳಿಸಿ, ಷ್ಟ್ರ, ಸ್ತ್ರೀ, ತ್ತ್ವ ಬರುವ ಜಾಗಗಳನ್ನು ಹುಡುಕಿ ಕೆಳಗಿನ ಸಾಲಿಗೆ ತಾಗುತ್ತಾ ಅಂತ ನೋಡಿ. ಪ್ರಕಾಶಕರು ಪುಟ ಜಾಸ್ತಿಯಾಯಿತು ಅಂತಾರೆ, ನಿಜ. ಗೆಳೆಯರ ಪುಸ್ತಕ 160 ಪುಟ ಇದ್ದದ್ದು 17 ಪಾಯಿಂಟ್ ಕೊಟ್ಟ ಮೇಲೆ 192 ಆಯಿತು, ಅಂದರೆ 16 ಪುಟದ ಎರಡು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಹೆಚ್ಚು. ಪ್ರಕಾಶಕರು ಎರಡು ದಿನ ಯೋಚನೆ ಮಾಡಿ ಒಪ್ಪಿದರು. ನಿನ್ನೆ ಹೊಸ ಕರಡು ಬಂತು. ‘ರಾಷ್ಟ್ರೀಯ’ದ ಕೆಳಗೆ ‘ಕಿಟಕಿ’ ಅಲ್ಲೇ ಇದೆ, ನಡುವೆ ಬಿಳಿ ಕಾಗದ ಕಾಣುತ್ತಿದೆ.